ಸ್ಪೇನಿಯಲ್ ನಾಯಿ ನಮ್ಮ ಮನೆಗೆ ಒಗ್ಗುವುದೇ?

ನಮ್ಮ ಉಮರ್ಗಾ, ನಿಲಂಗಾ, ಉದಗೀರ ಕಡೆ ನಾಯಿಯೆಂದರೆ ಹೊಲ, ಕೊಟ್ಟಿಗೆ ಕಾಯುವ ಪ್ರಾಣಿ. ಮಕ್ಕಳ ಆಸೆಗೆ ಉದ್ದ ಕಿವಿಯ ಕಾಕರ್ ಸ್ಪೇನಿಯಲ್ ಮರಿ ತರುವ ಮೊದಲು ಅದರ ಗುಣ ತಿಳಿಯೋಣ.

ಇಂಗ್ಲೆಂಡಿನಲ್ಲಿ ಪೊದೆಯೊಳಗಿನ ಹಕ್ಕಿಗಳನ್ನು ಎಬ್ಬಿಸಿ ಬೇಟೆಗಾರನಿಗೆ ನೆರವಾಗಲೆಂದು ಬೆಳೆಸಿದ ತಳಿಯಿದು. ತೂಕ 12ರಿಂದ 15 ಕಿಲೊ. ಚುರುಕು, ಸ್ನೇಹದ ಸ್ವಭಾವ. ಮಕ್ಕಳೊಡನೆ ಬೇಗ ಬೆರೆಯುತ್ತದೆ, ಸದಾ ಮನುಷ್ಯರ ಜೊತೆ ಬಯಸುತ್ತದೆ. ಹೊಲದ ಕಾವಲಿಗೆ ಮಾತ್ರ ನಮ್ಮ ಊರನಾಯಿಯೇ ಮೇಲು.

ಇದರ ಕಷ್ಟ ಕಿವಿಯಲ್ಲಿದೆ. ಜೋತುಬಿದ್ದ ಕಿವಿಯೊಳಗೆ ಗಾಳಿಯಾಡದೆ ತೇವ ನಿಂತು ಹುಣ್ಣಾಗುತ್ತದೆ. ಹುಲ್ಲಿನ ಮುಳ್ಳು, ಉಣ್ಣೆಗಳೂ ಸೇರುತ್ತವೆ. ವಾರಕ್ಕೊಮ್ಮೆ ಕಿವಿ ನೋಡಬೇಕು, ದಿನವೂ ಕೂದಲು ಬಾಚಬೇಕು. ತಲೆ ಕೊಡವುತ್ತಿದ್ದರೆ ಎಣ್ಣೆ ಹಾಕದೆ ಪಶುವೈದ್ಯರಿಗೆ ತೋರಿಸಿರಿ; ಉದಗೀರದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ದಪ್ಪ ಕೂದಲಿನ ಈ ನಾಯಿಗೆ ನಮ್ಮ ಬೇಸಿಗೆಯಲ್ಲಿ ನೆರಳು, ತಣ್ಣೀರು ಬೇಕೇಬೇಕು.

ಸೋಯಾಬೀನ್, ತೊಗರಿ ರಾಶಿಯ ದಿನಗಳಲ್ಲಿ ನಾವೆಲ್ಲ ಹೊಲದಲ್ಲಿರುತ್ತೇವೆ. ಸರಪಳಿಯಲ್ಲಿ ಒಂಟಿಯಾಗಿ ಬಿದ್ದ ಸ್ಪೇನಿಯಲ್ ಬೊಗಳಿ ಬೊಗಳಿ ಸಿಡುಕಾಗುತ್ತದೆ. ಕಿವಿ ನೋಯುತ್ತಿದ್ದರೆ ಮುದ್ದಿಸಲು ಬಂದ ಮಗುವನ್ನೂ ಕಚ್ಚೀತು. ಆ ದೋಷ ನಾಯಿಯದಲ್ಲ, ನಮ್ಮದು.

ಯಾವ ನಾಯಿ ಸಾಕಿದರೂ ಮೂರು ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ಮತ್ತೆ ಹಾಕಿಸುತ್ತಿರಬೇಕು. ಕಚ್ಚಿದರೆ ಸುಣ್ಣ, ಖಾರದ ಪುಡಿ ಹಚ್ಚಬೇಡಿರಿ. ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿರಿ.

ಹಗಲೆಲ್ಲ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ, ದಿನಕ್ಕೆ ಅರ್ಧ ತಾಸು ಆರೈಕೆ ಮಾಡುವವರಿದ್ದರೆ ಸ್ಪೇನಿಯಲ್ ತನ್ನಿರಿ. ಇಲ್ಲವಾದರೆ ಊರನಾಯಿಯ ಮರಿಯೇ ಮಗುವಿಗೆ ಒಳ್ಳೆಯ ಗೆಳೆಯ.