ಹಳೆಯ ಕಡತಗಳನ್ನು ಜಾಲತಾಣಕ್ಕೆ ತರುವ ಬಗೆ

ನಮ್ಮ ಕಾಲೇಜಿನ ಹಳೆಯ ವಾರ್ಷಿಕ ಸಂಚಿಕೆಗಳ ಗಣಕ ಕಡತಗಳನ್ನು ಜಾಲತಾಣದ ಭಂಡಾರಕ್ಕೆ ಸೇರಿಸುವ ಕೆಲಸವನ್ನು ಅಧ್ಯಾಪಕರು ಈ ವರ್ಷ ನಮ್ಮಲ್ಲಿ ಕೆಲವರಿಗೆ ವಹಿಸಿದರು. ಒಂದೆಡೆ ಇದ್ದುದನ್ನು ಇನ್ನೊಂದೆಡೆ ಇಡುವುದೇನು ಮಹಾ ಕಷ್ಟವೆಂದು ನಾನು ಭಾವಿಸಿದ್ದೆ. ಆದರೆ ಮೊದಲ ಲೇಖನವನ್ನು ಅಂಟಿಸಿದೊಡನೆಯೇ ಕನ್ನಡವೆಲ್ಲ ಮಾಯವಾಗಿ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟಿ ನಿಂತವು. ಇದರ ಕಾರಣವನ್ನು ಹುಡುಕುತ್ತ ನಾನು ಕಲಿತುದನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇನೆ.

ಗಣಕವು ಅಕ್ಷರವನ್ನರಿಯದು, ಅಂಕೆಯನ್ನು ಮಾತ್ರ ಬಲ್ಲುದು. 'ನುಡಿ'ಯ ಹಳೆಯ ಅಕ್ಷರಶೈಲಿಗಳಲ್ಲಿ, ಇಂಗ್ಲಿಷಿಗೆ ಮೀಸಲಾದ ಅಂಕೆಗಳ ಮೇಲೆಯೇ ಕನ್ನಡದ ರೂಪಗಳನ್ನು ಕೂರಿಸಲಾಗಿತ್ತು. ಇಂಗ್ಲಿಷಿನ ದೊಡ್ಡ 'ಎ' ಇರಬೇಕಾದಲ್ಲಿ ಅನುಸ್ವಾರ, 'ಬಿ' ಇರಬೇಕಾದಲ್ಲಿ ವಿಸರ್ಗ. ಆ ಶೈಲಿ ಇರುವವರೆಗೆ ಕಣ್ಣಿಗೆ ಕನ್ನಡ; ಅದನ್ನು ತೆಗೆದರೆ ಒಳಗಿರುವುದು ಇಂಗ್ಲಿಷೇ. ಯೂನಿಕೋಡಿನಲ್ಲಾದರೋ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಸ್ಥಾನವಿದೆ. ಈ ವಿಭಾಗದಲ್ಲಿ 128 ಮನೆಗಳುಂಟು.

ಆದುದರಿಂದ ಹಳೆಯ ಕಡತವನ್ನು ಮೊದಲು ಪರಿವರ್ತಕದ ಮೂಲಕ ಹಾಯಿಸಬೇಕು. ಇದು ಬರಿಯ ಅಂಕೆ ಬದಲಿಸುವ ಕೆಲಸವಲ್ಲ. 'ಧರ್ಮ' ಎಂಬ ಪದವನ್ನು ನೋಡಿರಿ. ಉಚ್ಚಾರದಲ್ಲಿ ರೇಫ ಮೊದಲು, ಮಕಾರ ಅನಂತರ. ಬರಹದಲ್ಲಿ ಅರ್ಕಾವೊತ್ತು ಕೊನೆಗೆ ಬರುವುದು. ಹಳೆಯ ಕಡತವು ಕಣ್ಣಿನ ಕ್ರಮವನ್ನೂ ಯೂನಿಕೋಡು ಕಿವಿಯ ಕ್ರಮವನ್ನೂ ಅನುಸರಿಸುತ್ತವೆ. ಪರಿವರ್ತಕವು ರೇಫವನ್ನು ಮಕಾರಕ್ಕಿಂತ ಮುಂಚೆ ತಂದಿಡಬೇಕಾಗುತ್ತದೆ.

ನಾನು ಎಡವಿದ್ದು ಬೇರೆ ಕಡೆ. ಒಂದು ಸಂಚಿಕೆಯಲ್ಲಿ ಪದವಿ ಪಡೆದವರ ಪಟ್ಟಿಯಿತ್ತು. ಹೆಸರುಗಳೆಲ್ಲ ಸರಿಯಾಗಿ ಬಂದವು. ಅವುಗಳ ಮುಂದೆ ಇಂಗ್ಲಿಷಿನಲ್ಲಿದ್ದ 'ಬಿ.ಎ.' ಮಾತ್ರ 'ಃ.ಂ.' ಆಗಿತ್ತು! ಪರಿವರ್ತಕಕ್ಕೆ ಅದೂ ಕನ್ನಡವೆಂದೇ ತೋರಿತ್ತು. ನಾನು ಓದಿ ನೋಡದೆ ಸೇರಿಸಿಬಿಟ್ಟಿದ್ದೆ. ತಪ್ಪನ್ನು ತೋರಿಸಿದವನು ನನ್ನ ಸಹಪಾಠಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಆ ಎರಡಕ್ಷರಗಳ ಬೆಲೆಯನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಅಂದು ಸಂಜೆಯೇ ಅಚ್ಚಿನ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿಯೊಂದು ಸಾಲನ್ನೂ ತಿದ್ದಿದೆ.

ಈ ಕೆಲಸಕ್ಕೆ ಕೈಹಾಕುವ ಮಿತ್ರರು ಮೂರು ಮಾತುಗಳನ್ನು ನೆನಪಿನಲ್ಲಿಡಬೇಕು. ಮೂಲ ಕಡತವನ್ನು ಎಂದಿಗೂ ಅಳಿಸಬಾರದು. ಇಂಗ್ಲಿಷ್ ಭಾಗಗಳನ್ನು ಬೇರ್ಪಡಿಸಿ ಕನ್ನಡವನ್ನಷ್ಟೇ ಪರಿವರ್ತಿಸಬೇಕು. ಸೇರಿಸುವ ಮುನ್ನ ಮತ್ತೊಬ್ಬರಿಂದ ಅಚ್ಚಿನ ಪ್ರತಿಯೊಡನೆ ಹೋಲಿಸಿ ಓದಿಸಬೇಕು. ಹೀಗೆ ಮಾಡಿದಲ್ಲಿ, ಎಂದೋ ಇಲ್ಲಿ ಓದಿ ಹೋದವರ ಹೆಸರನ್ನು ಅವರ ಮಕ್ಕಳು ಮೊಮ್ಮಕ್ಕಳು ಹುಡುಕಿದಾಗ, ಅದು ಪದವಿಯ ಸಮೇತವಾಗಿ ಅವರ ಕಣ್ಣಿಗೆ ಬಿದ್ದೀತು.