ಮೇವು ನೋಡಿ ಮೂಟೆ ತಾ

ಬಸರಾಳು

ಚಿರಂಜೀವಿ ಮಗನಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಬೆಂಗಳೂರಿನ ಕೆಲಸ ಬಿಟ್ಟು ಬಂದು ಎರಡು ಸೀಮೆಹಸು ಕಟ್ಟಿದ್ದೀಯ, ನನಗೆ ಸಂತೋಷ. ನಿನ್ನ ಹಾಗೆ ಊರಿಗೆ ಮರಳಿ ಡೈರಿಗೆ ಹಾಲು ಹಾಕುತ್ತಿರುವ ಹುಡುಗರು ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯೆಲ್ಲ ಇದ್ದಾರೆ. ಅವರೂ ಓದಲಿ ಎಂದು ಈ ಕಾಗದವನ್ನು ಪತ್ರಿಕೆಗೇ ಕೊಡುತ್ತಿದ್ದೇನೆ.

ಮೊನ್ನೆ ನಿನ್ನ ಕೊಟ್ಟಿಗೆಗೆ ಬಂದಿದ್ದೆನಲ್ಲ, ಗೋಡೆಗೂಡಿನ ತುಂಬ ಡಬ್ಬಿಗಳು: ಕ್ಯಾಲ್ಸಿಯಂ ಟಾನಿಕ್, ಲಿವರ್ ಟಾನಿಕ್, ಹಾಲು ಹೆಚ್ಚಿಸುವ ಪುಡಿ. ಹೊರಗೆ ಕೆಂದಹಸು ತನ್ನ ಹಗ್ಗವನ್ನೇ ಅಗಿಯುತ್ತಿತ್ತು. ತಂತಿಯ ಮೇಲೆ ಒಣಹಾಕಿದ್ದ ಟವೆಲ್ಲಿನ ಅಂಚೂ ಚೂರಾಗಿತ್ತು. ನೀನು ಚೇಷ್ಟೆ ಅಂದುಬಿಟ್ಟೆ. ಬಟ್ಟೆ, ಮಣ್ಣು, ಮೂಳೆಗೆ ಬಾಯಿ ಹಾಕುವ ಹಸು ಏನೋ ಕೇಳುತ್ತಿದೆ ಮಗ. ರಂಜಕದ ಕೊರತೆ ಇರಬಹುದು, ಹೊಟ್ಟೆಯಲ್ಲಿ ಹುಳ ಇರಬಹುದು. ಕೊರತೆ ರಂಜಕದ್ದಾದರೆ ಬರೀ ಕ್ಯಾಲ್ಸಿಯಂ ಸುರಿದು ಫಲವೇನು?

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಹಸು ತಿನ್ನುವುದನ್ನು ನೋಡು. ಮುಂಗಾರಿನ ಎಳೆಹುಲ್ಲಿನಲ್ಲಿ ಸತ್ವ ಇದೆ, ಆದರೆ ನೀರೇ ಹೆಚ್ಚು. ಸಂಜೆಗೆ ಒಂದು ಹೊರೆ ಒಣಹುಲ್ಲು ಹಾಕು. ಶಿವರಾತ್ರಿ ಕಳೆದು ಕೆರೆ ಅಂಗಳ ಒಣಗಿತೆಂದರೆ ಉಳಿಯುವುದು ನಾರು. ಆಗ ಹಿಂಡಿ ಬೇಕು. ಬದುವಿನ ಅಗಸೆ ಸೊಪ್ಪು, ಅಲಸಂದೆ ಬಳ್ಳಿ ಇದ್ದರೆ ಹಿಂಡಿಯ ಖರ್ಚು ಅಷ್ಟು ಕಡಿಮೆ.

ಒಣಹುಲ್ಲೆಲ್ಲ ಒಂದೇ ಅಲ್ಲ. ರಾಗಿಹುಲ್ಲಿನಲ್ಲಿ ಸುಣ್ಣದಂಶ ಭತ್ತದ ಹುಲ್ಲಿಗಿಂತ ಹೆಚ್ಚು. ಭತ್ತದ ಹುಲ್ಲಿನಲ್ಲೂ ಕಬ್ಬಿನ ಸೋಗೆಯಲ್ಲೂ ಆಕ್ಸಲೇಟ್ ಇದ್ದು, ಅದು ಸುಣ್ಣವನ್ನು ಕಟ್ಟಿಹಾಕಿ ಮೈಗೆ ಹತ್ತಗೊಡುವುದಿಲ್ಲ. ಬೂಸ, ತೌಡಿನಲ್ಲಿ ರಂಜಕ ಧಾರಾಳ, ಸುಣ್ಣ ಕಡಿಮೆ. ಕಬ್ಬು ಕಡಿಯುವ ಕಾಲದಲ್ಲಿ ಪುಕ್ಕಟೆ ಸಿಕ್ಕಿತೆಂದು ಸೋಗೆಯನ್ನೇ ಹಾಕಿ, ಮೇಲೆ ಬೂಸ ಕಲಸಿಟ್ಟವರ ಮನೆಯಲ್ಲಿ ಹಸು ಕರು ಹಾಕಿದ ಮಾರನೆಯ ದಿನ ಏಳಲಾರದೆ ಮಲಗಿದ್ದನ್ನು ಕಂಡಿದ್ದೇನೆ.

ಇದಕ್ಕೆಲ್ಲ ಹತ್ತು ಡಬ್ಬಿ ಬೇಡ. ದೊಡ್ಡ ಹಸುವಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಉಪ್ಪು. ಕರುವಿಗೆ 20 ಗ್ರಾಂ ಮಿಶ್ರಣ ಸಾಕು. ಬೆಂಗಳೂರಿನ ಆಡುಗೋಡಿಯಲ್ಲಿರುವ ಕೇಂದ್ರ ಸರ್ಕಾರದ ಪಶು ಪೋಷಣೆ ಸಂಶೋಧನಾ ಸಂಸ್ಥೆಯವರು ಆಯಾ ಸೀಮೆಯ ಮಣ್ಣು, ಮೇವು ಪರೀಕ್ಷಿಸಿ, ಅಲ್ಲಲ್ಲಿಯ ಕೊರತೆಗೆ ತಕ್ಕ ಮಿಶ್ರಣ ರೂಪಿಸಿದ್ದಾರೆ. ನಮ್ಮ ಕಡೆಗೆ ಯಾವುದು ಹೊಂದುತ್ತದೆ ಎಂದು ಪಶುವೈದ್ಯರನ್ನೂ ಗೆಜ್ಜಲಗೆರೆಯ ಹಾಲು ಒಕ್ಕೂಟದವರನ್ನೂ ಕೇಳು. ಪಶು ಆಹಾರವನ್ನು ಮೈ ಪೋಷಣೆಗೆ ಒಂದೂವರೆ ಕೆ.ಜಿ., ಅದರ ಮೇಲೆ ಎರಡೂವರೆ ಲೀಟರ್ ಹಾಲಿಗೆ ಒಂದು ಕೆ.ಜಿ. ಲೆಕ್ಕದಲ್ಲಿ ಕೊಡು. ಹತ್ತು ಲೀಟರ್ ಕರೆಯುವ ಹಸುವಿಗೆ ಐದೂವರೆ ಕೆ.ಜಿ. ಆಯಿತು, ಅದನ್ನು ಎರಡು ಮೂರು ಹೊತ್ತಿಗೆ ಹಂಚು. ಒಳ್ಳೆಯ ಹಸಿರು ಮೇವು ಇದ್ದ ದಿನ ತಗ್ಗಿಸು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ಅಗ್ಗವೆಂದು ತರಬೇಡ. ಅದರ ವಿಷ ಹಾಲಿಗೂ ಇಳಿಯುತ್ತದೆ.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ನಿಮ್ಮಕ್ಕನ ಬೀಗರೂಟ ಮುಗಿದ ರಾತ್ರಿ ಉಳಿದ ಅನ್ನ ಚೆಲ್ಲಲು ಮನಸ್ಸಾಗದೆ, ಎರಡು ಮಂಕರಿ ಅನ್ನ ಸುರಿದೆ. ಹಸು ಆಸೆಯಿಂದ ತಿಂದಿತು. ಬೆಳಗಿನ ಹೊತ್ತಿಗೆ ಮೆಲುಕು ನಿಂತಿತ್ತು, ಹಲ್ಲು ಕಡಿಯುತ್ತಿತ್ತು, ಹೊಟ್ಟೆ ನೀರು ತುಂಬಿದ ಚರ್ಮದ ಚೀಲದಂತೆ ಕುಲುಕುತ್ತಿತ್ತು. ಅನ್ನ ಹೊಟ್ಟೆಯಲ್ಲಿ ಹುಳಿತು ಆಮ್ಲವಾಗಿತ್ತು. ಡಾಕ್ಟರು ಬಂದರೂ ಉಳಿಯಲಿಲ್ಲ. ಎಂಟು ಲೀಟರ್ ಕೊಡುತ್ತಿದ್ದ ಹಸುವನ್ನು ಪ್ರೀತಿಯಿಂದಲೇ ಕೊಂದೆ. ಅಂದಿನಿಂದ ಯಾವ ಹೊಸ ಆಹಾರವನ್ನೂ ಹಿಡಿಯಿಂದ ಶುರುಮಾಡಿ ಹತ್ತು ದಿನದಲ್ಲಿ ಏರಿಸುತ್ತೇನೆ. ನೀನೂ ಹಾಗೇ ಮಾಡು.

ನಾಳೆಯೇ ಸಗಣಿ ಪರೀಕ್ಷೆ ಮಾಡಿಸಿ ಹುಳದ ಔಷಧಿ ಕೊಡಿಸು. ಖನಿಜ ಮಿಶ್ರಣವನ್ನು ಬೂಸದಲ್ಲಿ ಕಲಸಿ ದಿನವೂ ತಪ್ಪದೆ ಇಡು. ಹಾಲಿನ ಅಳತೆ, ಡಿಗ್ರಿ, ಬೆದೆಗೆ ಬಂದ ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಎರಡು ತಿಂಗಳು ಬಿಟ್ಟು ಬರುತ್ತೇನೆ. ನೋಟ್‌ಬುಕ್ಕು ಆಮೇಲೆ ತೋರಿಸುವೆಯಂತೆ. ಮೊದಲು ಆ ಹಗ್ಗದ ತುದಿ ನೋಡುತ್ತೇನೆ.

ಮಲ್ಲಿಕಾರ್ಜುನ ಸ್ವಾಮಿ ನಿನಗೂ ನಿನ್ನ ಹಟ್ಟಿಗೂ ಒಳ್ಳೆಯದು ಮಾಡಲಿ.

ಇಂತಿ,
ನಿನ್ನ ದೊಡ್ಡಪ್ಪ