ಅಗಲ ಪರದೆಯ ಲೆಕ್ಕ

ಈ ವರ್ಷ ನಮ್ಮ ಚರಿತ್ರೆಯ ವಿಭಾಗಕ್ಕೆ ಹೊಸ ಕಂಪ್ಯೂಟರೂ ಬಹಳ ಅಗಲವಾದ ಮಾನಿಟರೂ ಬಂದವು. ಮರುದಿನದ ವಿಚಾರಗೋಷ್ಠಿಯಲ್ಲಿ ನಮ್ಮೂರಿನ ವೀರಗಲ್ಲಿನ ಚಿತ್ರವನ್ನು ತೋರಿಸಿ ಮಾತನಾಡುವ ಭಾರ ನನ್ನದಾಗಿತ್ತು. ಪರದೆಯ ಮೇಲೆ ನೋಡಿದರೆ ಕಲ್ಲಿನ ತುದಿಯ ದುಂಡು ಸೂರ್ಯನು ಅಡ್ಡಲಾಗಿಟ್ಟ ಕೋಳಿಮೊಟ್ಟೆಯಂತಿದ್ದನು! ಓದುಬಾರದ ನನ್ನ ತಂದೆಯವರು ಹೊಲಕ್ಕೆ ಹೋಗುವಾಗ ನಿತ್ಯವೂ ಕಾಣುವ ಕಲ್ಲದು. ಅವರು ನೋಡಿದ್ದರೆ ‘ಇದು ನಮ್ಮ ಕಲ್ಲಲ್ಲ’ ಎನ್ನುತ್ತಿದ್ದರು.

ಈ ಪರದೆಯಲ್ಲಿ ಅಡ್ಡಕ್ಕೆ 2560, ಮೇಲಿನಿಂದ ಕೆಳಕ್ಕೆ 1080 ಬಿಂದುಗಳಿವೆ. ಕಂಪ್ಯೂಟರು ಕಳುಹಿಸುತ್ತಿದ್ದುದಾದರೋ 1920×1080ರ ಚಿತ್ರ. ಅದನ್ನು ಪರದೆಯ ತುಂಬ ಹಿಗ್ಗಿಸಿದಾಗ ಮೂರಂಗುಲದ ಅಗಲವು ನಾಲ್ಕಂಗುಲವಾಗುತ್ತದೆ. ಎತ್ತರ ಮಾತ್ರ ಇದ್ದಷ್ಟೇ. ಸೆಟ್ಟಿಂಗ್ಸಿನಲ್ಲಿ 2560 ಎಂಬ ಆಯ್ಕೆಯೇ ಇರಲಿಲ್ಲ.

ದೋಷವಿದ್ದುದು ನಡುವಿನ ತಂತಿಯಲ್ಲಿ. ಮಿತವ್ಯಯಕ್ಕೆಂದು (ಸಲಹೆ ನನ್ನದೇ) ಹಳೆಯ ಡಿ.ವಿ.ಐ. ತಂತಿಯನ್ನು ಅಡಾಪ್ಟರಿನ ಮೂಲಕ ಜೋಡಿಸಿದ್ದೆವು. ಒಂಟಿ ಕೊಂಡಿಯ ಡಿ.ವಿ.ಐ. ಸೆಕೆಂಡಿಗೆ 16.5 ಕೋಟಿ ಬಿಂದುಗಳಿಗೆ ಮಾತ್ರ ಏರ್ಪಟ್ಟದ್ದು. ಚಿತ್ರವು ಸೆಕೆಂಡಿಗೆ 60 ಸಲ ಹೊಸದಾಗಬೇಕು. 2560ನ್ನು 1080ರಿಂದಲೂ 60ರಿಂದಲೂ ಗುಣಿಸಿ ನೋಡಿರಿ: 16,58,88,000! ಸಾಲುಸಾಲಿನ ನಡುವಣ ಬಿಡುವು ಸೇರಿದರೆ ಇನ್ನೂ ಹೆಚ್ಚು.

ಸಂಜೆ ಡಿಸ್‌ಪ್ಲೇಪೋರ್ಟ್ ತಂತಿಯೊಂದನ್ನು ತಂದು ನೇರವಾಗಿ ಜೋಡಿಸಿದೆ. ಪಟ್ಟಿಯಲ್ಲಿ 2560×1080 ಕಾಣಿಸಿತು, ಆರಿಸಿದೆ. ಅಳತೆಪಟ್ಟಿಯನ್ನು ಸೂರ್ಯನ ಮೇಲೆ ಅಡ್ಡಲಾಗಿಯೂ ನೆಟ್ಟಗೂ ಹಿಡಿದು ನೋಡಿದೆ. ಎರಡೂ ಸಮವಾಗಿದ್ದವು.